ಮೂರು ಸಲ ಫಾರ್ಮ್ಯಾಟ್ ಮಾಡಿಸಿದರೂ ಲ್ಯಾಪ್‌ಟಾಪ್ ಮತ್ತೆ ನಿಧಾನ, ಫ್ಯಾನ್ ನಿಲ್ಲುತ್ತಲೇ ಇಲ್ಲ

ಬೆಟಗೇರಿ ಡಿಟಿಪಿ (ಸೋಮವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಮನೆಯ ಮುಂದಿನ ಕೋಣೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ. ಜೊತೆಗೆ ನಮ್ಮ ಓಣಿಯವರ ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಇದೇ ಲ್ಯಾಪ್‌ಟಾಪ್ ಮೇಲೆ ಮನೆ ನಡೆಯುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

2019ರಲ್ಲಿ ಕೊಂಡದ್ದು. ಇಂಟೆಲ್ ಐ5-8250ಯು, 8 ಜಿಬಿ ರ‍್ಯಾಮ್. ಕೊಳ್ಳುವಾಗಲೇ ವಿಂಡೋಸ್ 10 ಅದರಲ್ಲಿತ್ತು. ಎರಡು ವರ್ಷದ ಹಿಂದೆ ಹಾರ್ಡ್ ಡಿಸ್ಕ್ ತೆಗೆಸಿ 512 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಆಗ ರಿಪೇರಿ ಅಂಗಡಿಯವರೇ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ಮೊದಲ ವಾರ ಎಷ್ಟು ಚುರುಕಾಗಿತ್ತು ಅಂದರೆ, ಗುಂಡಿ ಒತ್ತಿ ಚಹಾದ ಬಟ್ಟಲು ಕೆಳಗಿಡುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು.

ಆಮೇಲೆ ಶುರುವಾಯಿತು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ‘ಚಿ. ಸೌ.’ ಅಂತ ಹೊಡೆದು ನಾನು ಹೆಸರಿಗೆ ಹೋಗಿರುತ್ತೇನೆ, ಆಗ ಆ ‘ಚಿ’ ಪರದೆ ಮೇಲೆ ಮೂಡುತ್ತದೆ. ಎರಡು ಪುಟದ ಕಾರ್ಡಿನ ಫೈಲ್ ತೆರೆಯಲು ಒಂದೂವರೆ ನಿಮಿಷ. ಬ್ಯಾಟರಿ ಮೊದಲು ಮೂರು ತಾಸು ಬರುತ್ತಿತ್ತು, ಈಗ 50 ನಿಮಿಷ. ಇನ್ನು ಫ್ಯಾನ್. ಪಕ್ಕದ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಓಡುತ್ತವೆ, ಹಗಲು ಬೇರೆ ಸದ್ದು ಕೇಳಿಸುವುದೇ ಇಲ್ಲ. ರಾತ್ರಿ ಅವು ನಿಂತ ಮೇಲೆ ಈ ಫ್ಯಾನಿನ ಸದ್ದೊಂದೇ. ಏನೂ ತೆರೆಯದೆ ಸುಮ್ನೆ ಇಟ್ಟರೂ ಕೂಗುತ್ತಲೇ ಇರುತ್ತದೆ. ಕೆಳಗೆ ಕೈ ಇಟ್ಟರೆ ಸುಡುತ್ತದೆ.

ಮೂರು ಸಲ ಫಾರ್ಮ್ಯಾಟ್ ಮಾಡಿಸಿದೆ. ಪ್ರತಿ ಸಲ 500 ರೂಪಾಯಿ. ಪ್ರತಿ ಸಲವೂ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ ಪಾಡು. ಈಗ ಅಂಗಡಿಯವರು ‘ಮದರ್‌ಬೋರ್ಡ್ ಹೋಗಿದೆ, 22,000ಕ್ಕೆ ಸೆಕೆಂಡ್ ಹ್ಯಾಂಡ್ ಒಂದು ಇದೆ, ತಗೊಳ್ಳಿ’ ಅನ್ನುತ್ತಾರೆ.

ಯಾವ ಪ್ರೋಗ್ರಾಂ ಎಷ್ಟು ಸಿಪಿಯು (ಪ್ರೊಸೆಸರ್) ಬಳಸುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರನ್ನು ನಾನೂ ನೋಡಿದೆ. ತೆರೆದ ಕೂಡಲೇ ಸಿಪಿಯು 100 ಅಂತ ಇರುತ್ತದೆ. ಯಾವುದು ತಿನ್ನುತ್ತಿದೆ ಅಂತ ಓದುವಷ್ಟರಲ್ಲಿ 5ಕ್ಕೆ ಇಳಿದಿರುತ್ತದೆ. ಡೀಟೇಲ್ಸ್‌ನಲ್ಲಿ ‘ಸಿಸ್ಟಮ್ ಐಡಲ್ ಪ್ರೊಸೆಸ್’ ಅನ್ನೋದು 94 ತಿನ್ನುತ್ತಿದೆ. ಅದನ್ನು ನಿಲ್ಲಿಸಲು ಹೋದರೆ ಬಿಡುವುದಿಲ್ಲ. ಅದೇ ಕಾರಣನಾ?

ಬಸವ ಜಯಂತಿಯೊಳಗೆ 11 ಲಗ್ನಪತ್ರಿಕೆ ಮುಗಿಸಿ ಪ್ರೆಸ್ಸಿಗೆ ಕೊಡಬೇಕು. 22,000 ಕೊಡುವ ಮೊದಲು ಒಂದು ಸಲ ತಿಳಿದವರನ್ನು ಕೇಳೋಣ ಅಂತ ಬರೆದೆ.

—

ಸಾಧನಕೇರಿ ಹುಡುಗ (ಸೋಮವಾರ, ರಾತ್ರಿ 11:15)

ಅಕ್ಕಾ, ಮೊದಲು ಒಂದು ಭಯ ಬಿಡಿ. ‘ಸಿಸ್ಟಮ್ ಐಡಲ್ ಪ್ರೊಸೆಸ್’ ಏನೂ ತಿನ್ನುವುದಿಲ್ಲ. ಪ್ರೊಸೆಸರ್ ಎಷ್ಟು ಖಾಲಿ ಕೂತಿದೆ ಅನ್ನುವ ಲೆಕ್ಕ ಅದು. 94 ಅಂದರೆ ನೂರಕ್ಕೆ 94 ಪಾಲು ಕೆಲಸವಿಲ್ಲದೆ ಇದೆ ಅಂತ ಅರ್ಥ. ಅದನ್ನು ಮುಟ್ಟಬೇಡಿ.

ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಕೆಲವು ದಿನ ಒಳಗೊಳಗೇ ಜಾಸ್ತಿ ಕೆಲಸ ನಡೆಯುತ್ತದೆ. ಅಪ್‌ಡೇಟ್ ಇಳಿಯುತ್ತದೆ, ಹುಡುಕಾಟಕ್ಕೆ ಅಂತ ಫೈಲುಗಳ ಪಟ್ಟಿ ತಯಾರಾಗುತ್ತದೆ, ವಿಂಡೋಸಿನದೇ ವೈರಸ್ ತಡೆ ಡಿಫೆಂಡರ್ ಎಲ್ಲ ಫೈಲನ್ನೂ ಒಂದು ಸಲ ಜಾಲಾಡುತ್ತದೆ. ಒಂದು ರಾತ್ರಿ ಚಾರ್ಜಿಗೆ ಹಾಕಿ ಬಿಟ್ಟರೆ ತಾನೇ ಮುಗಿಯುತ್ತದೆ.

ಬ್ರೌಸರ್ ಕೂಡ ನೋಡಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾವ ಟ್ಯಾಬು, ಯಾವ ಎಕ್ಸ್‌ಟೆನ್ಷನ್ ಎಷ್ಟು ಎಳೆಯುತ್ತಿದೆ ಅಂತ ಗೊತ್ತಾಗುತ್ತದೆ. ನನ್ನದರಲ್ಲಿ ಪಿಡಿಎಫ್ ಜೋಡಿಸುವ ಎಕ್ಸ್‌ಟೆನ್ಷನ್ ಒಂದು ಕಾಟ ಕೊಡುತ್ತಿತ್ತು. ತೆಗೆದ ಮೇಲೆ ಸರಿಹೋಯಿತು.

—

ಬ್ಯಾಡಗಿ ಲೆಕ್ಕ (ಮಂಗಳವಾರ, ಬೆಳಿಗ್ಗೆ 6:50)

ತಂಗೀ, ನಾನು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನನ್ನ ಅನುಭವ ಹೇಳುತ್ತೇನೆ, ನಿಮಗೆ ಹೊಂದುತ್ತದೋ ಇಲ್ಲವೋ ನೋಡಿ.

ನಮ್ಮ ಅಂಗಡಿಯ ಲ್ಯಾಪ್‌ಟಾಪ್ ಸುಗ್ಗಿಯ ಹೊತ್ತಿಗೇ ಕುಂಟತೊಡಗಿತು. ಒಂದು ಬಿಲ್ ತೆಗೆಯಲು ಐದು ನಿಮಿಷ. ಹೊರಗೆ ರೈತರು ಪಟ್ಟಿಗಾಗಿ ಕಾಯುತ್ತಾ ನಿಂತಿದ್ದರು. ಎಲ್ಲರೂ ವೈರಸ್ ಅಂದರು. ಕೊನೆಗೆ ತಿಳಿದದ್ದು ಏನೆಂದರೆ, ಹಳೆಯ ಚಾರ್ಜರ್ ಸುಟ್ಟಿತ್ತು ಅಂತ ನಾನೇ ಕಡಿಮೆ ಬೆಲೆಯ ಡುಪ್ಲಿಕೇಟ್ ಚಾರ್ಜರ್ ತಂದಿದ್ದೆ. ಕೆಲವು ಕಂಪನಿಯ ಲ್ಯಾಪ್‌ಟಾಪ್‌ಗಳು ಚಾರ್ಜರಿನ ಗುರುತು ಕೇಳುತ್ತವೆ. ಗುರುತು ಸಿಗದಿದ್ದರೆ ಕರೆಂಟ್ ಸಾಲದೆ ಹೋದೀತು ಅಂತ ಪ್ರೊಸೆಸರಿನ ವೇಗವನ್ನೇ ಇಳಿಸಿಬಿಡುತ್ತವೆ.

ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಒತ್ತಿ, ಸಿಪಿಯು ಕೆಳಗೆ ‘ಸ್ಪೀಡ್’ ಅಂತ ಇರುತ್ತದೆ. ನನ್ನದು ಎಷ್ಟೇ ಕೆಲಸ ಕೊಟ್ಟರೂ 0.79 ಗಿಗಾಹರ್ಟ್ಸ್‌ನಲ್ಲೇ ನಿಂತಿತ್ತು. ಚಾರ್ಜರ್ ಕಿತ್ತ ಕೂಡಲೇ 2ರ ಮೇಲೆ ಹೋಯಿತು. ಅಷ್ಟೇ ಸಾಕ್ಷಿ ಸಾಕಾಯಿತು. ನೀವೂ ಒಂದು ಸಲ ಆ ಅಂಕಿ ನೋಡಿ.

ಇನ್ನೊಂದು ಮಾತು. ನಮ್ಮಲ್ಲಿ ಖಾರದ ಧೂಳು, ನಿಮ್ಮಲ್ಲಿ ನೂಲಿನ ಧೂಳು. ಫ್ಯಾನ್ ಬಿಚ್ಚಿಸಿ ಎಷ್ಟು ವರ್ಷವಾಯಿತು?

—

ಉಣಕಲ್ ದಂಡೆ (ಮಂಗಳವಾರ, ಮಧ್ಯಾಹ್ನ 1:20)

ಅಕ್ಕಾರೇ, ದಯವಿಟ್ಟು ಇನ್ನೊಂದು ಸಲ ಫಾರ್ಮ್ಯಾಟ್ ಮಾಡಿಸಬೇಡಿ. 22,000 ಕೂಡ ಕೊಡಬೇಡಿ. ಸ್ವಲ್ಪ ತಡೆಯಿರಿ.

ನಾನು ಹುಬ್ಬಳ್ಳಿಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 60 ಕಂಪ್ಯೂಟರ್‌ಗಳಿವೆ. ನೀವು ಬರೆದದ್ದರಲ್ಲಿ ಒಂದು ಸಾಲನ್ನು ನಾನು ಎರಡು ಸಲ ಓದಿದೆ: ‘ತೆರೆದ ಕೂಡಲೇ 100, ಓದುವಷ್ಟರಲ್ಲಿ 5.’ ಟಾಸ್ಕ್ ಮ್ಯಾನೇಜರ್ ಶುರುವಾಗುವಾಗ ಅದೇ ಸ್ವಲ್ಪ ಸಿಪಿಯು ಬಳಸುತ್ತದೆ, ಅದು ನಿಜ. ಹಾಗಾಗಿ ಇದೊಂದರಿಂದಲೇ ಏನೂ ಹೇಳಲಾಗದು. ಆದರೆ ನೀವು ಹೇಳುವ ಫ್ಯಾನು, ಬಿಸಿ, ಬ್ಯಾಟರಿ ಮೂರೂ ಪ್ರೊಸೆಸರ್ ಹೊತ್ತೆಲ್ಲ ದುಡಿಯುತ್ತಿದೆ ಅನ್ನುತ್ತಿವೆ. ಟಾಸ್ಕ್ ಮ್ಯಾನೇಜರ್ ಮಾತ್ರ ಇಲ್ಲ ಅನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

ಇವತ್ತು ರಾತ್ರಿ ಪವರ್‌ಲೂಮ್ ನಿಂತ ಮೇಲೆ ಒಂದು ಪರೀಕ್ಷೆ ಮಾಡಿ. ಎಲ್ಲ ಮುಚ್ಚಿ, ಲ್ಯಾಪ್‌ಟಾಪನ್ನು ಹತ್ತು ನಿಮಿಷ ಸುಮ್ನೆ ಬಿಡಿ. ಫ್ಯಾನ್ ಕೇಳಿಸಿಕೊಳ್ಳಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಮುಚ್ಚದೆ ಹತ್ತು ನಿಮಿಷ ಹಾಗೇ ಇಡಿ. ಮತ್ತೆ ಫ್ಯಾನ್ ಕೇಳಿ. ಕೊನೆಗೆ ಅದನ್ನು ಮುಚ್ಚಿ ಇನ್ನೊಂದು ಹತ್ತು ನಿಮಿಷ. ಎಚ್‌ಡಬ್ಲ್ಯೂಇನ್‌ಫೋ ಅನ್ನುವ ಉಚಿತ ತಂತ್ರಾಂಶ ಇದೆ, ಅದನ್ನು ಹಾಕಿಕೊಂಡರೆ ಪ್ರೊಸೆಸರಿನ ಬಿಸಿ ಎಷ್ಟು ಅಂತ ಅಂಕಿಯಲ್ಲೇ ಸಿಗುತ್ತದೆ. ಬ್ಯಾಡಗಿಯವರು ಹೇಳಿದ ಸ್ಪೀಡ್ ಕೂಡ ಬರೆದುಕೊಳ್ಳಿ. ಏನು ಕಂಡಿತೋ ಇಲ್ಲಿ ಹಾಕಿ.

—

ಬೆಟಗೇರಿ ಡಿಟಿಪಿ (ಮಂಗಳವಾರ, ರಾತ್ರಿ 11:30)

ಸರ್, ಈಗಷ್ಟೇ ಮುಗಿಸಿದೆ. ಕೈ ಸ್ವಲ್ಪ ನಡುಗುತ್ತಿದೆ.

ಸುಮ್ನೆ ಬಿಟ್ಟಾಗ: ಫ್ಯಾನ್ ಜೋರು, ಬಿಸಿ 93 ಡಿಗ್ರಿ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ನಾಲ್ಕು ನಿಮಿಷಕ್ಕೆ ಫ್ಯಾನ್ ತಗ್ಗಿತು. ಹತ್ತು ನಿಮಿಷಕ್ಕೆ 64 ಡಿಗ್ರಿ. ಎಷ್ಟು ಹೊತ್ತಾಗಿತ್ತು ಈ ಕೋಣೆ ಇಷ್ಟು ಶಾಂತವಾಗಿ! ಗೋಡೆ ಗಡಿಯಾರ ಕೇಳಿಸಿತು. ಮುಚ್ಚಿದೆ. ಒಂದು ನಿಮಿಷವೂ ಆಗಲಿಲ್ಲ, ಮತ್ತೆ ಕೂಗತೊಡಗಿತು, 90 ದಾಟಿತು. ನಂಬಿಕೆ ಬರಲಿಲ್ಲ, ಇನ್ನೆರಡು ಸಲ ಮಾಡಿದೆ. ಮೂರು ಸಲವೂ ಹಾಗೇ ಆಯಿತು.

ಸ್ಪೀಡ್ 1.6ರಿಂದ 3.2ರವರೆಗೆ ಏರಿಳಿಯುತ್ತದೆ. ಚಾರ್ಜರ್ ಕೊಂಡಾಗಿನದ್ದೇ. ಹಾಗಾದರೆ ಅದಲ್ಲ, ಅಲ್ವಾ ಅಣ್ಣಾ?

ಒಂದು ಯಂತ್ರ, ನಾನು ನೋಡುವಾಗ ಸುಮ್ಮನಿದ್ದು ನೋಡದಿದ್ದಾಗ ಓಡುವುದು ಹೇಗೆ ಸಾಧ್ಯ ಸರ್?

—

ಉಣಕಲ್ ದಂಡೆ (ಬುಧವಾರ, ಬೆಳಿಗ್ಗೆ 9:05)

ಸಾಧ್ಯ ಇದೆ ಅಕ್ಕಾರೇ. ನೀವು ನೋಡುತ್ತಿದ್ದೀರಿ ಅಂತ ಅದಕ್ಕೆ ಗೊತ್ತಾಗುತ್ತದೆ. ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಅನ್ನುವ ಪಟ್ಟಿಯನ್ನು ಯಾವ ಪ್ರೋಗ್ರಾಂ ಬೇಕಾದರೂ ವಿಂಡೋಸ್‌ಗೆ ಕೇಳಬಹುದು. ಪಟ್ಟಿಯಲ್ಲಿ ಟಾಸ್ಕ್ ಮ್ಯಾನೇಜರ್ ಹೆಸರು ಕಂಡರೆ ನಿಲ್ಲು, ಹೋದರೆ ಮತ್ತೆ ಶುರು ಮಾಡು. ಎರಡು ಸಾಲಿನ ತಂತ್ರ ಅಷ್ಟೇ. ಹೀಗೆ ಅಡಗುವುದು ಹೆಚ್ಚಾಗಿ ಮೈನರ್‌ಗಳ ಚಾಳಿ. ಅಂದರೆ ನಿಮ್ಮ ಪ್ರೊಸೆಸರಿನಲ್ಲಿ ಲೆಕ್ಕ ಮಾಡಿಸಿ, ತಮಗಾಗಿ ಡಿಜಿಟಲ್ ನಾಣ್ಯ ಗಳಿಸುವ ಪ್ರೋಗ್ರಾಂಗಳು. ಮೊನೆರೊ ಅನ್ನುವ ನಾಣ್ಯ 2019ರ ನವೆಂಬರ್‌ನಲ್ಲಿ ತನ್ನ ಲೆಕ್ಕದ ವಿಧಾನ ಬದಲಿಸಿತು. ದೊಡ್ಡ ವಿಶೇಷ ಯಂತ್ರಗಳಿಗಿಂತ ಮಾಮೂಲಿ ಪ್ರೊಸೆಸರಿಗೇ ಹೊಂದುವ ಹಾಗೆ ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಕಳ್ಳರಿಗೆ ನಮ್ಮ ನಿಮ್ಮ ಲ್ಯಾಪ್‌ಟಾಪೂ ಉಪಯೋಗಕ್ಕೆ ಬಂತು. ಕರೆಂಟ್ ಬಿಲ್ ನಿಮ್ಮದು, ಗಳಿಕೆ ಅವರದು.

ಈಗ ಹಿಡಿಯೋಣ. ಸ್ಟಾರ್ಟ್‌ನಲ್ಲಿ ‘ರಿಸೋರ್ಸ್ ಮಾನಿಟರ್’ ಅಂತ ಹುಡುಕಿ ತೆರೆಯಿರಿ. ಇದು ಟಾಸ್ಕ್ ಮ್ಯಾನೇಜರ್ ಅಲ್ಲ, ಬೇರೆ. ಕೆಲವು ಕಳ್ಳ ಪ್ರೋಗ್ರಾಂಗಳು ಇದನ್ನೂ ಕಾಯುತ್ತವೆ, ಎಲ್ಲವೂ ಅಲ್ಲ. ಸಿಪಿಯು ಟ್ಯಾಬಿನಲ್ಲಿ ‘ಆವರೇಜ್ ಸಿಪಿಯು’ ಅನ್ನುವ ಕಾಲಮ್ ಇದೆ, ಕಳೆದ 60 ಸೆಕೆಂಡಿನ ಸರಾಸರಿ ತೋರಿಸುತ್ತದೆ. ಅದರ ತಲೆಯ ಮೇಲೆ ಒತ್ತಿದರೆ ಜಾಸ್ತಿ ತಿನ್ನುವುದು ಮೇಲೆ ಬರುತ್ತದೆ. ಹೆಸರಿನ ಪಕ್ಕದ ಪಿಐಡಿಯನ್ನು (ಓಡುವ ಪ್ರತಿ ಪ್ರೋಗ್ರಾಂಗೆ ವಿಂಡೋಸ್ ಕೊಡುವ ಸಂಖ್ಯೆ) ಕಾಗದದ ಮೇಲೆ ಬರೆದುಕೊಳ್ಳಿ. ಹೆಸರನ್ನು ಮಾತ್ರ ನಂಬಬೇಡಿ, ಸಂಖ್ಯೆ ಬೇಕು. ಆಮೇಲೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ಗೆ ಹೋಗಿ ಅದೇ ಸಂಖ್ಯೆ ಹುಡುಕಿ. ಬಲಗಡೆ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಯಾವ ಫೋಲ್ಡರ್ ತೆರೆಯುತ್ತದೆ ಅನ್ನುವುದೇ ಮುಖ್ಯ.

ಇನ್ನೊಂದು ಜಾಗ ನೋಡಿ. ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್, ಕೊನೆಯಲ್ಲಿ ಎಕ್ಸ್‌ಕ್ಲೂಷನ್ಸ್. ‘ಈ ಫೋಲ್ಡರ್ ಪರೀಕ್ಷಿಸಬೇಡ’ ಅಂತ ಡಿಫೆಂಡರಿಗೆ ಹೇಳಿಟ್ಟ ಪಟ್ಟಿ ಅದು. ನೀವು ಏನೂ ಸೇರಿಸಿಲ್ಲ ಅಂದರೆ ಅದು ಖಾಲಿ ಇರಬೇಕು.

ಮತ್ತು ಒಂದು ಪ್ರಶ್ನೆ. ಸ್ಟಾರ್ಟ್, ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ನೋಡಿ ಹೇಳಿ. ವಿಂಡೋಸ್ ಹೋಮ್ ಅಂತ ಇದೆಯೋ, ಪ್ರೊ ಅಂತ ಇದೆಯೋ?

—

ಬೆಟಗೇರಿ ಡಿಟಿಪಿ (ಬುಧವಾರ, ಸಂಜೆ 7:10)

ಸರ್, ಸಿಕ್ಕಿತು.

ರಿಸೋರ್ಸ್ ಮಾನಿಟರಿನಲ್ಲಿ ಎಲ್ಲಕ್ಕಿಂತ ಮೇಲೆ ‘ಎಸ್‌ವಿಸಿ ಹೋಸ್ಟ್’, ಸರಾಸರಿ 61. ಆ ಹೆಸರಿನವು ಒಂದಲ್ಲ, ಹತ್ತಾರು ಇವೆ. ಸಂಖ್ಯೆ ಬರೆದುಕೊಳ್ಳಿ ಅಂತ ನೀವು ಹೇಳಿದ್ದು ಯಾಕೆ ಅಂತ ಆಗ ತಿಳಿಯಿತು. ಬೇರೆಯವುಗಳ ಫೋಲ್ಡರ್ ತೆರೆದರೆ ವಿಂಡೋಸ್ ಒಳಗಿನ ಸಿಸ್ಟಮ್32ಕ್ಕೆ ಹೋಗುತ್ತದೆ. ಇದೊಂದು ಮಾತ್ರ ಪ್ರೋಗ್ರಾಂಡೇಟಾ ಒಳಗಿನ ಯಾವುದೋ ಫೋಲ್ಡರಿಗೆ ಹೋಯಿತು. ಎಕ್ಸ್‌ಕ್ಲೂಷನ್ಸ್‌ನಲ್ಲಿ ಅದೇ ಫೋಲ್ಡರ್ ಇದೆ. ನಾನು ಆ ಜಾಗಕ್ಕೆ ಇವತ್ತೇ ಮೊದಲ ಸಲ ಹೋಗಿದ್ದು. ನಾನಂತೂ ಸೇರಿಸಿಲ್ಲ.

ಅಬೌಟ್‌ನಲ್ಲಿ ವಿಂಡೋಸ್ 10 ಪ್ರೊ ಅಂತ ಇದೆ.

ಅಂಗಡಿಗೂ ಹೋಗಿ ಬಂದೆ. ಜಗಳಕ್ಕಲ್ಲ, ಕೇಳೋಕೆ. ಅಲ್ಲಿ ಕೆಲಸ ಮಾಡುವ ಹುಡುಗ ಒಳ್ಳೆಯವನು, ಮುಚ್ಚಿಡದೆ ಹೇಳಿದ. ವಿಂಡೋಸ್ ಹಾಕಿದ ಮೇಲೆ ಪೆನ್ ಡ್ರೈವಿನಲ್ಲಿರುವ ಆ್ಯಕ್ಟಿವೇಟರ್, ಅಂದರೆ ಲೈಸೆನ್ಸ್ ಇಲ್ಲದೆ ವಿಂಡೋಸನ್ನು ಆ್ಯಕ್ಟಿವೇಟ್ ಮಾಡುವ ಪ್ರೋಗ್ರಾಂ, ಓಡಿಸುತ್ತಾರಂತೆ. ಅದಕ್ಕೆ ಮೊದಲು ಡಿಫೆಂಡರ್ ಬಂದ್ ಮಾಡುತ್ತಾರಂತೆ, ಇಲ್ಲದಿದ್ದರೆ ಅದು ಓಡುವುದಿಲ್ಲವಂತೆ. ‘ಎಲ್ಲರಿಗೂ ಇದನ್ನೇ ಹಾಕ್ತೀವಿ ಅಕ್ಕಾ’ ಅಂದ. ಮೂರು ಸಲವೂ ಅದೇ ಪೆನ್ ಡ್ರೈವ್. ಅಂದರೆ ಒಂದೂವರೆ ಸಾವಿರ ಕೊಟ್ಟು ಮೂರು ಸಲ ಅದನ್ನೇ ಒಳಗೆ ಹಾಕಿಸಿಕೊಂಡಿದ್ದೇನೆ. ಆ ಹುಡುಗನಿಗೂ ಅದರಲ್ಲಿ ಏನಿದೆ ಗೊತ್ತಿಲ್ಲ. ಯಾರೋ ಕೊಟ್ಟದ್ದು, ಇವನು ಕಾಪಿ ಮಾಡಿಕೊಂಡದ್ದು.

ಹಾಗಾದರೆ ಪ್ರತಿ ಸಲ ಒಂದು ವಾರ ಚೆನ್ನಾಗಿರುತ್ತಿತ್ತಲ್ಲ, ಅದು ಯಾಕೆ?

ನನಗೆ ಈಗ ಬೇರೆಯದೇ ಚಿಂತೆ ಸರ್. ಇದರಲ್ಲಿ ಓಣಿಯವರ ಆಧಾರ್ ಪ್ರತಿಗಳಿವೆ. ಪಿಂಚಣಿ ಅರ್ಜಿ ಹಾಕಿದ ಅಜ್ಜಿಯರ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಇವೆ. ನನ್ನನ್ನು ನಂಬಿ ಕೊಟ್ಟದ್ದು. ನಿನ್ನೆ ರಾತ್ರಿ ಲಗ್ನಪತ್ರಿಕೆಯ ಯೋಚನೆಯಿತ್ತು, ಇವತ್ತು ಅದು ತಲೆಗೇ ಬರುತ್ತಿಲ್ಲ.

—

ಉಣಕಲ್ ದಂಡೆ (ಬುಧವಾರ, ರಾತ್ರಿ 8:30)

ಮೊದಲು ಇದು: ಇಂಟರ್ನೆಟ್ ಕಳಚಿ. ವೈಫೈ ಬಂದ್ ಮಾಡಿ, ಫೋನಿನ ಹಾಟ್‌ಸ್ಪಾಟ್ ಇದ್ದರೆ ಅದನ್ನೂ. ನಂತರ ಮುಂದಿನದನ್ನು ಓದಿ.

ಎಸ್‌ವಿಸಿ ಹೋಸ್ಟ್ ವಿಂಡೋಸಿನದೇ ಪ್ರೋಗ್ರಾಂ ಹೆಸರು. ಬೇರೆ ಫೋಲ್ಡರಿನಲ್ಲಿರುವ ಈ ಒಂದು ಮಾತ್ರ ಆ ಹೆಸರು ಇಟ್ಟುಕೊಂಡ ಕಳ್ಳ. ಇನ್ನು ಒಂದು ವಾರದ ಪ್ರಶ್ನೆಗೆ ಉತ್ತರ. ಇಂಥವು ಕೆಲವು ಬಂದ ಕೂಡಲೇ ಕೆಲಸ ಶುರು ಮಾಡುವುದಿಲ್ಲ. ಕೆಲವು ದಿನ ಮಲಗಿರುತ್ತವೆ. ಅಷ್ಟರಲ್ಲಿ ನೀವು ಆ್ಯಕ್ಟಿವೇಟರನ್ನು ಮರೆತಿರುತ್ತೀರಿ, ನಿಧಾನವಾದದ್ದಕ್ಕೆ ಬೇರೆ ಕಾರಣ ಹುಡುಕುತ್ತೀರಿ.

ಮೈನರ್ ಒಂದೇ ಬಂದಿದ್ದರೆ ಅದು ನಿಮ್ಮ ಫೈಲು ಓದುವುದಿಲ್ಲ, ಪ್ರೊಸೆಸರ್ ಮಾತ್ರ ಬಳಸುತ್ತದೆ. ಆದರೆ ಇಂಥ ಆ್ಯಕ್ಟಿವೇಟರ್ ಜೊತೆ ಪಾಸ್‌ವರ್ಡ್ ಕದಿಯುವವೂ ಬರುವುದುಂಟು. ಬಂದಿಲ್ಲ ಅಂತ ನಾನು ಇಲ್ಲಿಂದ ಹೇಳಲಾರೆ. ಹಾಗಾಗಿ ಬಂದಿದೆ ಅಂತಲೇ ತಿಳಿದು ನಡೆಯೋಣ. ಫೋನಿನಿಂದ, ಈ ಲ್ಯಾಪ್‌ಟಾಪಿನಿಂದ ಅಲ್ಲ, ನಿಮ್ಮ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಗೂಗಲ್ ಖಾತೆಯಲ್ಲಿ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಪ್ರತಿ ಕೊಟ್ಟವರಿಗೆ ವಿಷಯ ತಿಳಿಸಿ. ಆಧಾರ್ ಬಯೊಮೆಟ್ರಿಕ್ (ಬೆರಳು, ಕಣ್ಣಿನ ಗುರುತು) ಲಾಕ್ ಮಾಡುವ ಸೌಲಭ್ಯ ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ತಾಣದಲ್ಲೇ ಇದೆ, ಬೇಕಾದವರಿಗೆ ನೀವೇ ಮಾಡಿಕೊಡಬಹುದು. ಇನ್ನು ಮುಂದೆ ಎಲ್ಲಿ ನಡೆಯುತ್ತದೋ ಅಲ್ಲಿ ಮಾಸ್ಕ್ ಮಾಡಿದ ಆಧಾರ್ ಕೇಳಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಈಗ ಲ್ಯಾಪ್‌ಟಾಪ್. ಫಾರ್ಮ್ಯಾಟ್ ಬೇಡ ಅಂದವನು ನಾನೇ, ಈಗ ಮಾಡಿ ಅನ್ನುವವನೂ ನಾನೇ. ಕಾರಣ ತಿಳಿಯುವ ಮೊದಲು ಮಾಡಿದ್ದರೆ ನಾಲ್ಕನೇ ಸಲವೂ ಅದೇ ಪೆನ್ ಡ್ರೈವ್ ಬರುತ್ತಿತ್ತು.

ನಿಮಗೆ ಆ್ಯಕ್ಟಿವೇಟರ್ ಎಂದೂ ಬೇಕಿರಲಿಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್‌ಗಳಲ್ಲಿ, ವಿಂಡೋಸ್ 8ರ ಕಾಲದಿಂದ, ಲೈಸೆನ್ಸ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಬೋರ್ಡಿನ ಚಿಪ್ಪಿನೊಳಗೇ ಇರುವ ತಂತ್ರಾಂಶ) ಬರೆದಿರುತ್ತದೆ. ಹಾರ್ಡ್ ಡಿಸ್ಕ್ ಬದಲಿಸಿದರೆ ಅದು ಹೋಗುವುದಿಲ್ಲ. ನಿಮ್ಮದು ಬಹುಶಃ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಇದ್ದೀತು, ನಮ್ಮ ಕಡೆ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಜಾಸ್ತಿ. ಅಂಗಡಿಯವರು ಪ್ರೊ ಹಾಕಿದರು. ಹೋಮ್‌ನ ಕೀ ಪ್ರೊಗೆ ನಡೆಯುವುದಿಲ್ಲ. ಅದಕ್ಕೇ ಆ್ಯಕ್ಟಿವೇಟರ್ ಹುಡುಕಿದರು. ನೀವು 2019ರಲ್ಲೇ ದುಡ್ಡು ಕೊಟ್ಟು ಕೊಂಡ ವಿಂಡೋಸ್ ಅಲ್ಲೇ ಇತ್ತು.

ನಂಬಿಕೆಯ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದ, ವಿಂಡೋಸ್ ಹಾಕುವ ಪೆನ್ ಡ್ರೈವ್ ತಯಾರಿಸುವ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಅಥವಾ ದೊಡ್ಡ ಪೆನ್ ಡ್ರೈವ್ ಹಾಕಿ. ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಆದ್ದರಿಂದ 11 ಹಾಕಿ. ನಿಮ್ಮ ಐ5-8250ಯು ಅದಕ್ಕೆ ನಡೆಯುತ್ತದೆ. ಹಾಕುವಾಗ ಹಳೆಯ ಎಲ್ಲ ಪಾರ್ಟಿಷನ್ (ಡಿಸ್ಕಿನ ಭಾಗಗಳು) ಅಳಿಸಿ. ಯಾವ ಆವೃತ್ತಿ ಅನ್ನುವುದನ್ನು ಅದು ಫರ್ಮ್‌ವೇರ್ ಓದಿ ತಾನೇ ಆರಿಸಿಕೊಳ್ಳುತ್ತದೆ. ಇಂಟರ್ನೆಟ್ ಸಿಕ್ಕ ಮೇಲೆ ಆ್ಯಕ್ಟಿವೇಟ್ ಕೂಡ ತಾನೇ ಆಗುತ್ತದೆ.

ಬ್ಯಾಕಪ್‌ಗೆ ನಿಮ್ಮ ವಿನ್ಯಾಸದ ಫೈಲು, ಫೋಟೋ, ಪಿಡಿಎಫ್ ಮಾತ್ರ. ಒಂದೂ ಸೆಟಪ್ ಫೈಲ್ ಬೇಡ, ನುಡಿಯದ್ದು ಕೂಡ. ನುಡಿ ಉಚಿತವೇ ಇದೆ, ಕನ್ನಡ ಗಣಕ ಪರಿಷತ್ತಿನ ತಾಣದಿಂದ ಹೊಸದಾಗಿ ಇಳಿಸಿಕೊಳ್ಳಿ. ಬ್ಯಾಕಪ್ ತೆಗೆಯುವ ಮೊದಲು ಎಕ್ಸ್‌ಕ್ಲೂಷನ್ ಅಳಿಸಿ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಒಂದು ಓಡಿಸಿ. ಲ್ಯಾಪ್‌ಟಾಪ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಅಡಗಿ ಕೂರುವವಕ್ಕೆ ಅಲ್ಲಿ ಅಡಗುವ ಜಾಗ ಕಡಿಮೆ.

—

ಬ್ಯಾಡಗಿ ಲೆಕ್ಕ (ಗುರುವಾರ, ಬೆಳಿಗ್ಗೆ 6:30)

ತಂಗೀ, ಓದಿ ಮನಸ್ಸಿಗೆ ಕಷ್ಟವಾಯಿತು. ಆದರೆ ಒಂದು ನೋಡಿ, ಟಾಸ್ಕ್ ಮ್ಯಾನೇಜರ್ ತೆರೆದು ಎಲ್ಲ ಸುಮ್ಮನಿದ್ದಾಗಲೂ ನಿಮ್ಮದು 64 ಡಿಗ್ರಿ ಇತ್ತು. ನಮ್ಮದು ಕೆಲಸವಿಲ್ಲದಾಗ 45ರ ಆಚೀಚೆ. ಕಳ್ಳ ಹೋದರೂ ಧೂಳು ಉಳಿಯುತ್ತದೆ. ಫ್ಯಾನ್ ಬಿಚ್ಚಿಸಿ. ಗಾಳಿ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಲು ಹೇಳಿ, ಊದಿದ ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಕೂಡ ಏಳು ವರ್ಷಕ್ಕೆ ಒಣಗಿರುತ್ತದೆ, ಅದನ್ನೂ ಹೊಸದಾಗಿ ಹಚ್ಚಿಸಿ.

—

ಬೆಟಗೇರಿ ಡಿಟಿಪಿ (ಹನ್ನೆರಡು ದಿನದ ನಂತರ, ಮಂಗಳವಾರ)

ತಡವಾಗಿ ಬರೆಯುತ್ತಿದ್ದೇನೆ, ಲಗ್ನಪತ್ರಿಕೆ ಮುಗಿಸಿ ಬಂದೆ. ಹನ್ನೊಂದೂ ಪ್ರೆಸ್ಸಿಗೆ ಹೋದವು.

ಆಫ್‌ಲೈನ್ ಸ್ಕ್ಯಾನ್ ಆ ಫೋಲ್ಡರಿನಲ್ಲಿ ಎರಡು ಫೈಲ್ ಹಿಡಿಯಿತು. ತಮ್ಮನ ಆಫೀಸಿನ ಕಂಪ್ಯೂಟರಿನಲ್ಲಿ 16 ಜಿಬಿ ಪೆನ್ ಡ್ರೈವ್ ತಯಾರು ಮಾಡಿಕೊಂಡೆ. ಎಲ್ಲ ಪಾರ್ಟಿಷನ್ ಅಳಿಸುವಾಗ ಉಸಿರು ಬಿಗಿಹಿಡಿದು ಒತ್ತಿದೆ. ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್ ಬಂತು. ಕೀ ಕೇಳಲೇ ಇಲ್ಲ. ವೈಫೈ ಕೊಟ್ಟು ನೋಡಿದರೆ ‘ಆ್ಯಕ್ಟಿವ್’ ಅಂತ ಇದೆ. ಅದನ್ನು ನೋಡಿ ಖುಷಿಯೂ ಆಯಿತು, ಸಿಟ್ಟೂ ಬಂತು. ಎರಡು ವರ್ಷ ಅದು ಅಲ್ಲೇ ಇತ್ತು.

ಫ್ಯಾನನ್ನು ಬೇರೆ ಕಡೆ ಬಿಚ್ಚಿಸಿದೆ, ಎದುರಿಗೇ ನಿಂತು ನೋಡಿದೆ. ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ನೂಲಿನ ಎಳೆ ಸೇರಿ ಸೇರಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಚಿಮಟದಲ್ಲಿ ಎಳೆದರೆ ಒಂದೇ ತುಂಡಾಗಿ ಬಂತು. ಅದರಲ್ಲಿ ಕೆಂಪು, ಹಸಿರು ಎಳೆಗಳೂ ಇದ್ದವು. ಪಕ್ಕದ ಮನೆಯಲ್ಲಿ ಯಾವ ಯಾವ ಬಣ್ಣದ ಸೀರೆ ನೇಯ್ದರು ಅಂತ ಹೇಳಬಹುದಿತ್ತು. ಪೇಸ್ಟ್ ಹಚ್ಚಿ 700 ತಗೊಂಡರು. ಅಣ್ಣಾ, ನೀವು ಹೇಳಿದ್ದು ಸರಿ, ಈಗ ಸುಮ್ಮನಿದ್ದಾಗ 46. ಕಾರ್ಡಿನ ಫೈಲ್ ತೆರೆದು ದುಡಿಯುವಾಗಲೂ 75 ದಾಟುವುದಿಲ್ಲ. ಲ್ಯಾಪ್‌ಟಾಪನ್ನು ಕಿಟಕಿಯಿಂದ ದೂರ, ಒಳಗಿನ ಗೋಡೆಯ ಹತ್ತಿರ ಇಟ್ಟಿದ್ದೇನೆ. ಬ್ಯಾಟರಿ ಎರಡು ತಾಸು ಹತ್ತು ನಿಮಿಷ ಬಂತು.

ಓಣಿಯವರ ಆಧಾರ್, ಪಾಸ್‌ಬುಕ್ ಪ್ರತಿಗಳ ಲೆಕ್ಕ ಹಾಕಿದೆ. 43 ಜನ. ಮೂರು ಸಂಜೆ ಮನೆ ಮನೆಗೆ ಹೋಗಿ ಹೇಳಿದೆ. ಒಬ್ಬರೂ ಬೈಯಲಿಲ್ಲ. ಇಬ್ಬರು ಅಜ್ಜಿಯರಿಗೆ ಮಾತ್ರ ನಾನು ಏನು ಹೇಳುತ್ತಿದ್ದೇನೆ ಅಂತ ತಿಳಿಸುವುದೇ ಕಷ್ಟವಾಯಿತು. ಬೇಕು ಅಂದವರಿಗೆಲ್ಲ ಬಯೊಮೆಟ್ರಿಕ್ ಲಾಕ್ ಮಾಡಿಕೊಟ್ಟೆ. ಬೆರಳು ಒತ್ತಿ ಪಡಿತರ ತರುವವರಿಗೆ, ಆ ಹೊತ್ತಿಗೆ ಅನ್‌ಲಾಕ್ ಮಾಡುವುದು ಹೇಗೆ ಅಂತ ಮನೆಯ ಮಕ್ಕಳಿಗೆ ತೋರಿಸಿದೆ. ಈಗ ಅರ್ಜಿ ಹಾಕಿ, ಸ್ವೀಕೃತಿ ಬಂದ ಕೂಡಲೇ ಅವರ ಎದುರಿಗೇ ಪ್ರತಿ ಅಳಿಸುತ್ತೇನೆ.

ರಿಪೇರಿ ಅಂಗಡಿಯ ಹುಡುಗನಿಗೆ ಫರ್ಮ್‌ವೇರ್ ಕೀ ವಿಷಯ ಹೇಳಿದೆ. ಅವನಿಗೆ ಗೊತ್ತೇ ಇರಲಿಲ್ಲ. ತನ್ನದೇ ಲ್ಯಾಪ್‌ಟಾಪಿನಲ್ಲಿ ಮೊದಲು ಮಾಡಿ ನೋಡುತ್ತೇನೆ ಅಂದ.

ಡಿಸೈನಿನ ದೊಡ್ಡ ತಂತ್ರಾಂಶವೂ ಅವರೇ ಹಾಕಿಕೊಟ್ಟದ್ದಾಗಿತ್ತು, ಅದನ್ನು ಮತ್ತೆ ಹಾಕಿಲ್ಲ. ಈ ಹನ್ನೊಂದು ಕಾರ್ಡಿಗೆ ಗೆಳತಿಯ ಅಂಗಡಿಯ ಕಂಪ್ಯೂಟರ್ ಬಳಸಿದೆ. ಮನೆಯಲ್ಲಿ ಇಂಕ್‌ಸ್ಕೇಪ್ ಅನ್ನುವ ಉಚಿತ ಡಿಸೈನ್ ತಂತ್ರಾಂಶ ಕಲಿಯುತ್ತಿದ್ದೇನೆ. ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಕೈ ಇನ್ನೂ ಪಳಗಿಲ್ಲ.

—

ಸಾಧನಕೇರಿ ಹುಡುಗ (ಮಂಗಳವಾರ, ರಾತ್ರಿ 9:50)

ಅಕ್ಕಾ, ಇದನ್ನೆಲ್ಲ ಓದಿ ನಾನೂ ನನ್ನ ಎಕ್ಸ್‌ಕ್ಲೂಷನ್ಸ್ ನೋಡಿದೆ. ಖಾಲಿ ಇಲ್ಲ. ರೂಮಿನ ಗೆಳೆಯ ಒಂದು ಗೇಮ್ ಹಾಕಿಕೊಟ್ಟಿದ್ದ, ಅದರದ್ದೇ ಇರಬೇಕು. ಭಾನುವಾರ ಗದಗಕ್ಕೆ ಅತ್ತೆ ಮನೆಗೆ ಬರುತ್ತೇನೆ. ನಿಮ್ಮ ಆ 16 ಜಿಬಿ ಪೆನ್ ಡ್ರೈವ್ ಒಂದು ದಿನಕ್ಕೆ ಕೊಡುತ್ತೀರಾ?

—

ಬೆಟಗೇರಿ ಡಿಟಿಪಿ (ಮಂಗಳವಾರ, ರಾತ್ರಿ 10:15)

ತಮ್ಮಾ, ಅದನ್ನು ಕೊಡುವುದಿಲ್ಲ, ತಪ್ಪು ತಿಳಿಯಬೇಡ. ಖಾಲಿ ಪೆನ್ ಡ್ರೈವ್ ಒಂದು ತಗೊಂಡು ಬಾ. ನನ್ನ ಲ್ಯಾಪ್‌ಟಾಪ್ ಮುಂದೆ ನೀನೇ ಕೂತು, ಮೈಕ್ರೋಸಾಫ್ಟ್ ತಾಣದಿಂದ ನೀನೇ ಇಳಿಸಿ ಮಾಡಿಕೋ. ನಾನು ಪಕ್ಕದಲ್ಲಿ ಇರುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಪವರ್‌ಲೂಮ್ ನಿಂತಿರುತ್ತವೆ, ಆಗ ಬಂದರೆ ಮಾತಾಡಿದ್ದು ಕೇಳಿಸುತ್ತದೆ.